ಹೊಟ್ಟೆ ಸೀಳದ ಧಕಾರ

ಕಂಪ್ಯೂಟರಿನ ಪರದೆಯ ಗುಣದೋಷಗಳನ್ನು ಕುರಿತು ಕನ್ನಡ ಶಾಲೆಯ ಅಕ್ಕೋರು ಏನು ಬರೆದಾಳು ಎಂದು ಕೆಲವರು ಹುಬ್ಬೇರಿಸಬಹುದು. ಏರಿಸಲಿ. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೇಯ್ಗೆ ನೋಡುವವರು, ಅಕ್ಕಿಯನ್ನು ಅಂಗೈಯಲ್ಲಿ ಹರವಿ ನುಚ್ಚೆಷ್ಟು ಎಂದು ಅಂದಾಜು ಮಾಡುವವರು, ಪಾತ್ರೆಯನ್ನು ಬೆರಳಿನಿಂದ ಬಡಿದು ಸದ್ದು ಕೇಳಿ ಕೊಳ್ಳುವವರು ನಾವೇ ಅಲ್ಲವೇ? ವಸ್ತುವಿನ ವಿಮರ್ಶೆ ಹೆಂಗಸರಿಗೆ ಹೊಸ ವಿದ್ಯೆಯಲ್ಲ. ಆದರೆ ಮಾನಿಟರಿನ ಅಂಗಡಿಗೆ ಹೋದಾಗ ಯಾಕೋ ನಾವು ಮಗನನ್ನೋ ಅಳಿಯನನ್ನೋ ಮುಂದೆ ಬಿಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇವೆ. ಅವರು ಆಟದ ಚಿತ್ರ ಓಡಿಸಿ ನೋಡುತ್ತಾರೆ, ಸಿನಿಮಾ ತುಣುಕು ಹಾಕಿಸಿ ನೋಡುತ್ತಾರೆ. ಕನ್ನಡದ ಒಂದು ಸಾಲನ್ನು ತೆರೆಸಿ ಓದಿ ನೋಡಿದವರನ್ನು ನಾನಂತೂ ಕಂಡಿಲ್ಲ.

ನನ್ನ ಮನೆಯಲ್ಲಿರುವುದು 27 ಅಂಗುಲದ ಒಂದು ಆಮದು ಮಾನಿಟರು. ಅದರ ಹೆಸರು ಇಲ್ಲಿ ಬೇಡ. ಹೇಳಿದರೂ ನೀವು ಕೇಳಿರಲಾರಿರಿ. ಹೆಸರಾಂತ ಕಂಪನಿಯ 22 ಅಂಗುಲದ ಪರದೆಗೆ ಸಿಂಧನೂರಿನಲ್ಲಿ ಕೇಳಿದ ಬೆಲೆಗಿಂತ ಇದರ ಬೆಲೆ ಕಡಿಮೆಯಿತ್ತು. “ಅಕ್ಕೋರೆ, ಇಂಪೋರ್ಟೆಡ್ ಮಾಲ್ ಐತ್ರಿ. ಇಷ್ಟು ದೊಡ್ಡದು ಈ ರೇಟಿಗೆ ಎಲ್ಲೂ ಸಿಗಂಗಿಲ್ರಿ” ಎಂದ ಅಂಗಡಿಯ ಹುಡುಗ. ಎರಡು ಮಾತೂ ನಿಜ. ನಾವು ಚಿಕ್ಕವರಿದ್ದಾಗ ‘ಫಾರಿನ್ ಮಾಲು’ ಎಂದರೆ ಕೈಗಡಿಯಾರವೋ ಟೇಪ್ ರೆಕಾರ್ಡರೋ ಆಗಿರುತ್ತಿತ್ತು, ಪಕ್ಕದ ಮನೆಯವರೂ ಬಂದು ಮುಟ್ಟಿ ನೋಡಿ ಹೋಗುತ್ತಿದ್ದರು. ಆ ಪದಕ್ಕೆ ಅಂಟಿದ್ದ ಹೊಳಪು ಇನ್ನೂ ಪೂರ್ತಿ ಅಳಿಸಿಲ್ಲ ಎಂಬುದು ಆ ಹುಡುಗನಿಗೂ ಗೊತ್ತು. ಬೆಲೆ ಎಲ್ಲಿಂದ ಇಳಿದಿದೆ ಎಂಬ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಅದನ್ನು ಮನೆಗೆ ತಂದೆ. ಈ ಪ್ರಬಂಧ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಮಾನಿಟರಿನಲ್ಲಿ ಬೆಲೆಬಾಳುವ ಭಾಗವೆಂದರೆ ಅದರ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಗಾಜಿನ ಹಲಗೆ. ಇದನ್ನು ಮಾಡುವ ಕಾರ್ಖಾನೆಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಒಂದು ಕಾಲಕ್ಕೆ ಕೊರಿಯಾ, ತೈವಾನ್ ಮುಂದಿದ್ದವು. ಕೊರಿಯಾದ ಸ್ಯಾಮ್‌ಸಂಗ್ ಡಿಸ್‌ಪ್ಲೇ 2022ರಲ್ಲಿ ಎಲ್‌ಸಿಡಿ ಪ್ಯಾನೆಲ್ ಮಾಡುವುದನ್ನೇ ನಿಲ್ಲಿಸಿತು, ಈಗ ಚೀನಾದ ಪಾಲೇ ದೊಡ್ಡದು. ಹೆಸರಾಂತ ಮಾನಿಟರಿನೊಳಗೂ ಹೆಸರಿಲ್ಲದ ಮಾನಿಟರಿನೊಳಗೂ ಒಂದೇ ಕಾರ್ಖಾನೆಯ ಗಾಜು ಇರಬಹುದು. ವ್ಯತ್ಯಾಸ ಇರುವುದು ದರ್ಜೆಯಲ್ಲಿ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತ ರೈಸ್ ಮಿಲ್ಲಿಗೆ ಹೋಗಿ ಹೊರಬರುವಾಗ ಒಂದೇ ಗದ್ದೆಯ ಬೆಳೆ ಎಷ್ಟು ಚೀಲಗಳಾಗಿ ಬೇರೆಯಾಗುತ್ತದೆ, ನೋಡಿ. ಇಡೀ ಕಾಳು ಒಂದು ಕಡೆ, ತುಂಡಾದದ್ದು ಇನ್ನೊಂದು ಕಡೆ, ನುಚ್ಚು ಮತ್ತೊಂದು ಕಡೆ. ಕಪ್ಪಾದ ಕಾಳನ್ನು ಯಂತ್ರವೇ ಊದಿ ಹೊರದಬ್ಬುತ್ತದೆ. ಪ್ಯಾನೆಲ್ಲುಗಳನ್ನೂ ಹಾಗೆಯೇ ಆರಿಸುತ್ತಾರೆ. ಸತ್ತ ಚುಕ್ಕೆ, ಅಂಚಿನಲ್ಲಿ ಸೋರುವ ಬೆಳಕು, ಒಂದು ಮೂಲೆ ಹಳದಿಯಾಗಿ ಇನ್ನೊಂದು ನೀಲಿಯಾಗಿ ಕಾಣುವ ದೋಷ, ಇವೆಲ್ಲ ಇದ್ದದ್ದು ಕೆಳದರ್ಜೆಗೆ ಇಳಿಯುತ್ತದೆ. ನುಚ್ಚಿನಿಂದ ಗಂಜಿಯೂ ಆಗುತ್ತದೆ, ದೋಸೆಯೂ ಆಗುತ್ತದೆ. ಅದನ್ನು ನುಚ್ಚು ಎಂದೇ ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ. ಮಾನಿಟರಿನ ಪೆಟ್ಟಿಗೆಯ ಮೇಲೆ ಮಾತ್ರ ಆ ಮಾತು ಇರುವುದಿಲ್ಲ.

ಸತ್ತ ಚುಕ್ಕೆಯ ವಿಷಯಕ್ಕೆ ಲೆಕ್ಕವೂ ಉಂಟು. 1920 × 1080 ಎಂದು ಬರೆದಿರುವ ಪರದೆಯಲ್ಲಿ 20,73,600 ಚುಕ್ಕೆಗಳು. 2001ರ ಒಂದು ಅಂತರರಾಷ್ಟ್ರೀಯ ಮಾನದಂಡ, ಐ.ಎಸ್.ಒ. 13406-2, ಎರಡನೆಯ ವರ್ಗದ ಪರದೆಗೆ ಪ್ರತಿ ಹತ್ತು ಲಕ್ಷ ಚುಕ್ಕೆಗಳಲ್ಲಿ ಎರಡು ಸದಾ ಉರಿಯುವಂಥವು, ಎರಡು ಸದಾ ಕಪ್ಪಾದವು, ಮೇಲೆ ಐದು ಅರೆಬರೆ ಕೆಟ್ಟವು ಇರಬಹುದೆಂದು ಒಪ್ಪಿತ್ತು. 2008ರಲ್ಲಿ ಬೇರೆ ಮಾನದಂಡ ಬಂದರೂ ಚುಕ್ಕೆ ಎಣಿಸುವ ಕ್ರಮ ಉಳಿಯಿತು. ಹಾಗಾಗಿ “ಒಂದು ಚುಕ್ಕೆ ಸತ್ತಿದೆ, ಬದಲಿಸಿಕೊಡಿ” ಎಂದು ಹೋದರೆ ಅಂಗಡಿಯವರು ನಗುವುದು ಅವರ ದುರಹಂಕಾರವೊಂದರಿಂದಲೇ ಅಲ್ಲ. ನನ್ನ ಪರದೆಯಲ್ಲಿ ಎಡಕ್ಕೆ ಕೆಳಗೆ ಒಂದು ಕಪ್ಪು ಚುಕ್ಕೆ ಇದೆ. ಅಂಕಗಳ ಪಟ್ಟಿ ತೆರೆದಾಗ ಅದು ದಶಮಾಂಶದ ಬಿಂದುವಿನಂತೆ ನಡುವೆ ಕುಳಿತುಬಿಡುತ್ತದೆ. ಪುಟವನ್ನು ಮೇಲಕ್ಕೆ ಸರಿಸಿದರೆ ಅಂಕಿಗಳು ಸರಿಯುತ್ತವೆ, ಅದು ಅಲ್ಲೇ. ಮನೆಯ ಗೋಡೆಯ ಮೊಳೆಯಂತೆ ಅದಕ್ಕೆ ಕಣ್ಣು ಒಗ್ಗಿತು. ಅದು ನನ್ನ ದೂರಲ್ಲ.

ನನ್ನ ದೂರು ಇರುವುದು ಅಕ್ಷರದ ಬಗ್ಗೆ.

ವಿಂಡೋಸ್‌ನಲ್ಲಿ ಹನ್ನೊಂದು ಪಾಯಿಂಟ್ ಗಾತ್ರದ ಅಕ್ಷರವೆಂದರೆ ಸಾಮಾನ್ಯವಾಗಿ ಸುಮಾರು ಹದಿನೈದು ಚುಕ್ಕೆಗಳ ಎತ್ತರದ ಜಾಗ. ಇಂಗ್ಲಿಷಿನ ಅಕ್ಷರ ಆ ಜಾಗದಲ್ಲಿ ಕಾಲು ಚಾಚಿ ಕೂರುತ್ತದೆ. ಒಂದು ಕೋಲು, ಒಂದು ಬಳೆ, ಮುಗಿಯಿತು. ಕನ್ನಡಕ್ಕೆ ಅದೇ ಹದಿನೈದರಲ್ಲಿ ತಲೆಕಟ್ಟು ಬೇಕು, ಗುಡಿಸು ಬೇಕು, ಮೂಲ ಅಕ್ಷರದ ಹೊಟ್ಟೆ ಬೇಕು, ಅದರ ಕೆಳಗೆ ಒತ್ತಕ್ಷರಕ್ಕೆ ನೆಲಮಾಳಿಗೆ ಬೇಕು. ಒತ್ತಿಗೆ ಸಿಗುವುದು ಐದಾರು ಚುಕ್ಕೆ. ಅಷ್ಟರಲ್ಲಿ ‘ರತ್ನಾ’ ಎಂಬಲ್ಲಿ ನಕಾರದ ಒತ್ತಿದೆಯೋ ತಕಾರದ ಒತ್ತಿದೆಯೋ ಎಂದು ತಿಳಿಯಬೇಕು. ಇನ್ನು ಮಹಾಪ್ರಾಣ. ಒಂದನೇ ತರಗತಿಯಲ್ಲಿ ದಕಾರ ಕಲಿಸಿ ಆಮೇಲೆ “ಹೊಟ್ಟೆ ಸೀಳಿರಿ, ಧಕಾರ ಆಯಿತು” ಎಂದು ಹೇಳಿಕೊಡುತ್ತೇವಲ್ಲ, ಆ ಸೀಳು ಪರದೆಯ ಮೇಲೆ ಒಂದೇ ಒಂದು ಚುಕ್ಕೆಯ ಅಗಲ. ಪಕಾರಕ್ಕೂ ಫಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ, ಡಕಾರಕ್ಕೂ ಢಕಾರಕ್ಕೂ ನಡುವೆ ಇರುವ ಗಡಿ ಆ ಒಂದು ಚುಕ್ಕೆ. ಅದು ಮಸುಕಾದರೆ ಅಕ್ಷರದ ಜಾತಿಯೇ ಬದಲಾಯಿತು.

“ಪರದೆ ದೊಡ್ಡದಿದೆಯಲ್ಲ, ಅಕ್ಷರವೂ ದೊಡ್ಡದಾಗಿ ಕಾಣುವುದಿಲ್ಲವೇ?” ಎಂದು ನೀವು ಕೇಳಬಹುದು. ಕಾಣುತ್ತದೆ. ಆದರೆ 21.5 ಅಂಗುಲದ ಪರದೆಯಲ್ಲೂ 1920 × 1080, ನನ್ನ 27 ಅಂಗುಲದ್ದರಲ್ಲೂ ಅಷ್ಟೇ. ಮೊದಲನೆಯದರಲ್ಲಿ ಒಂದು ಅಂಗುಲಕ್ಕೆ ಸುಮಾರು 102 ಚುಕ್ಕೆ, ಎರಡನೆಯದರಲ್ಲಿ ಸುಮಾರು 82. ಜೋಳದ ಹಿಟ್ಟಿನ ಅದೇ ಉಂಡೆಯಲ್ಲಿ ಅಗಲವಾದ ರೊಟ್ಟಿ ಬಡಿದಂತೆ. ಅಗಲವೇನೋ ಆಯಿತು, ಹಿಟ್ಟು ಹೆಚ್ಚಲಿಲ್ಲ. ನಮ್ಮ ಶಾಲೆಗಳಿಗೆ ಬರುವ ಮುದ್ರಿತ ಹಾಳೆಗಳನ್ನು ಹೊರಡಿಸುವ ಸಾಧಾರಣ ಲೇಸರ್ ಯಂತ್ರವೇ ಅಂಗುಲಕ್ಕೆ 600 ಚುಕ್ಕೆ ಒತ್ತುತ್ತದೆ ಎಂಬುದನ್ನು ನೆನೆದರೆ ಈ 82ರ ಬಡತನ ಅರ್ಥವಾದೀತು.

ಇದರ ಮೇಲೆ ಇನ್ನೊಂದು ಸೂಕ್ಷ್ಮವಿದೆ. ಪ್ರತಿ ಚುಕ್ಕೆಯೂ ನಿಜವಾಗಿ ಮೂರು ಪಟ್ಟಿ: ಕೆಂಪು, ಹಸಿರು, ನೀಲಿ, ಇದೇ ಕ್ರಮದಲ್ಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕ್ಲಿಯರ್‌ಟೈಪ್ ಎಂಬ ಉಪಾಯ ಬಂತು. ಚುಕ್ಕೆಯನ್ನು ಇಡಿಯಾಗಿ ಬಳಸುವ ಬದಲು ಈ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯಗೊಳಿಸುವ ಉಪಾಯ ಅದು. ಅದೇ ಎಕ್ಸ್‌ಪಿಯ ಜೊತೆ ಬಂದ ಕನ್ನಡ ಅಕ್ಷರಜೋಡಣೆಗೆ ‘ತುಂಗಾ’ ಎಂದು ಹೆಸರು. ತುಂಗಭದ್ರೆಯ ನೀರು ಕುಡಿಯುವ ನಮಗೆ ಆ ಹೆಸರು ಕಂಡಾಗ ಸುಮ್ಮನೆ ಒಂದು ಖುಷಿ. ಆದರೆ ಅಗ್ಗದ ಕೆಲವು ಪ್ಯಾನೆಲ್ಲುಗಳಲ್ಲಿ ಪಟ್ಟಿಗಳ ಕ್ರಮ ತಿರುವುಮುರುವು: ನೀಲಿ, ಹಸಿರು, ಕೆಂಪು. ಆಗ ನಯಗೊಳಿಸುವ ಉಪಾಯವೇ ಅಕ್ಷರದ ಅಂಚಿಗೆ ಬಣ್ಣದ ಕೂದಲು ಹಚ್ಚುತ್ತದೆ, ಒಂದು ಚುಕ್ಕೆಯ ಸೀಳು ಆ ಕೂದಲಲ್ಲಿ ಮುಚ್ಚಿಹೋಗುತ್ತದೆ. ನನ್ನ ಮಾನಿಟರು ಆ ಜಾತಿಯದು. ಇದನ್ನು ಸರಿಪಡಿಸಿಕೊಳ್ಳುವ ಸೌಲಭ್ಯ ವಿಂಡೋಸ್‌ನಲ್ಲೇ ಇದೆ: ತೋರಿಸಿದ ಮಾದರಿಗಳಲ್ಲಿ ಸ್ಪಷ್ಟವಾದುದನ್ನು ಆರಿಸುತ್ತ ಹೋಗಬೇಕು. ನನ್ನ ಕಂಪ್ಯೂಟರು ತೋರಿಸುವ ಆ ಮಾದರಿಗಳೂ ಇಂಗ್ಲಿಷ್ ಅಕ್ಷರಗಳೇ ಎಂಬುದನ್ನು ಏನೆನ್ನೋಣ! ಸರಿಪಡಿಸಿದ ಮೇಲೆ ಧಕಾರದ ಹೊಟ್ಟೆ ಅರ್ಧ ಸೀಳಿತು. ಪೂರ್ತಿ ಸೀಳಲಿಲ್ಲ.

ಒಂದು ಅಕ್ಷರದ ಹೊಟ್ಟೆಗೆ ಇಷ್ಟೆಲ್ಲ ರಾಮಾಯಣವೇ ಎನ್ನುವವರು ಆರ್.ಎಚ್. ಕ್ಯಾಂಪಿಗೆ ಒಮ್ಮೆ ಬರಬೇಕು. ಈ ಊರಿನ ಹೆಸರಿನಲ್ಲೇ ಪುನರ್ವಸತಿ ಎಂಬ ಅರ್ಥದ ಇಂಗ್ಲಿಷ್ ಪದದ ಮೊಟಕಿದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸುಮಾರು ಐವತ್ತು ವರ್ಷಗಳ ಹಿಂದೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮಾತಿನಲ್ಲಿ ಮಹಾಪ್ರಾಣವನ್ನು ನಮ್ಮ ಕಡೆಯವರು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ, ‘ಧಾರವಾಡ’ವನ್ನು ‘ದಾರವಾಡ’ ಎಂದರೂ ಬಸ್ಸು ಅಲ್ಲಿಗೇ ಹೋಗುತ್ತದೆ. ಬಂಗಾಳಿ ಹೆಣ್ಣುಮಗಳು ತನ್ನ ಕೂಸನ್ನು ‘ರಾಧಾ’ ಎಂದು ಕರೆಯುವಾಗ ಮಾತ್ರ ಆ ಉಸಿರು ಕಿವಿಗೆ ಬಡಿಯುವಂತಿರುತ್ತದೆ. ಸುಧೀರ, ಶುಭಾ, ಪ್ರಭಾತ, ಮಾಧವಿ. ಹಾಜರಿ ಪುಸ್ತಕದ ತುಂಬ ಹೊಟ್ಟೆ ಸೀಳಿದ ಅಕ್ಷರಗಳು.

ಮಗುವಿನ ಹೆಸರನ್ನು ಸರ್ಕಾರದ ವಿದ್ಯಾರ್ಥಿ ದಾಖಲೆಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಏರಿಸಬೇಕು. ಪಟ್ಟಿಯ ಕರಡನ್ನು ತಂದೆತಾಯಿಗಳಿಗೆ ತೋರಿಸಿ ಸಹಿ ಪಡೆಯುವುದೂ ಉಂಟು. ಒಬ್ಬ ತಾಯಿ ನನ್ನ ಹೆಗಲ ಮೇಲಿಂದ ಪರದೆಯನ್ನೇ ನೋಡುತ್ತ, “ದಿದಿಮಣಿ, ಹೆಸರು ಬರಾಬರಿ ಐತೇನ್ರಿ?” ಎಂದು ಕೇಳಿದಳು. ಆಕೆ ಓದಬಲ್ಲದ್ದು ಬಂಗಾಳಿ. ಕನ್ನಡದ ಆ ಸೀಳನ್ನು ನೋಡಬೇಕಾದ ಕಣ್ಣು ನನ್ನದೊಂದೇ, ಆ ಕಣ್ಣಿಗೆ ವಯಸ್ಸು ಐವತ್ತು ದಾಟಿದೆ. ನಾನು ಅಕ್ಷರವನ್ನು ಮೂರು ಪಟ್ಟು ಹಿಗ್ಗಿಸಿ ನೋಡಿ “ಬರಾಬರಿ ಐತಿ” ಎಂದೆ. ಆಕೆಯ ಪ್ರಶ್ನೆ ಬರಿಯ ತಾಯಿಯ ಅಕ್ಕರೆಯದಲ್ಲ. ಟಿ.ಸಿ.ಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮತ್ತೊಂದು ಆದರೆ ಯಾವ ಊರಿನಲ್ಲೂ ಅಲೆದಾಟ ತಪ್ಪಿದ್ದಲ್ಲ. ಕಾಗದಪತ್ರ ಹಿಡಿದು ‘ನಾವು ಇಲ್ಲಿಯವರು’ ಎಂದು ಒಂದಿಡೀ ತಲೆಮಾರು ಸಾಬೀತು ಮಾಡುತ್ತ ಬಂದ ಊರಿನಲ್ಲಿ ಅದು ಇನ್ನೂ ಭಾರ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಿದ್ದಾಗ ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕಾಗಿ ಬಂತು. ಟ್ರಂಕಿನ ತಳದಿಂದ ಹಳೆಯ ಕಾಗದ ತೆಗೆದು, ಹೆಸರಿಗೆ ಹೆಸರು ತಾಳೆ ನೋಡುವ ಕೆಲಸವೆಲ್ಲ ಯಾವುದೋ ಒಂದು ಅಗ್ಗದ ಪರದೆಯ ಮುಂದೆಯೇ ನಡೆಯುವುದು.

ಕಡಿಮೆ ಬೆಲೆ ಎಂದರೆ ಎಲ್ಲೋ ಏನನ್ನೋ ಕತ್ತರಿಸಲೇಬೇಕು, ಅದನ್ನು ಒಪ್ಪುತ್ತೇನೆ. ಎಲ್ಲಿ ಕತ್ತರಿಸಿದರು ಎಂಬುದೇ ವಿಮರ್ಶೆಯ ವಿಷಯ. 2012ರ ಸುಮಾರಿಗೆ ದಕ್ಷಿಣ ಕೊರಿಯಾದಿಂದ 27 ಅಂಗುಲದ ಅಗ್ಗದ ಮಾನಿಟರುಗಳು ಅಂಚೆಯಲ್ಲಿ ದೇಶದೇಶಗಳಿಗೆ ಹೋದವು. ಅವುಗಳಲ್ಲಿದ್ದದ್ದು ಎಲ್.ಜಿ.ಯ ಪ್ಯಾನೆಲ್, ಆಪಲ್ ಕಂಪನಿಯ ದುಬಾರಿ ಪರದೆಯಲ್ಲಿದ್ದ ಬಗೆಯದೇ. ಮೊದಲ ದರ್ಜೆಯ ಆಯ್ಕೆಯಲ್ಲಿ ಬಿದ್ದುಹೋದ, ‘ಎ-ಮೈನಸ್’ ಎಂದು ಕರೆಯುವ ಮಾಲು. ಬೆಲೆ ಆಪಲ್‌ನದರ ಸುಮಾರು ಮೂರನೆಯ ಒಂದು ಪಾಲು. ಕಾಲು ಅಲುಗಾಡುತ್ತಿತ್ತು, ಚೌಕಟ್ಟು ತೆಳು ಪ್ಲಾಸ್ಟಿಕ್, ತಂತಿ ಸಿಕ್ಕಿಸಲು ಹಲವದರಲ್ಲಿ ಒಂದೇ ಕಿಂಡಿ, ಕೆಟ್ಟರೆ ಕೇಳುವವರು ಸಮುದ್ರದಾಚೆ. ಆದರೆ ಚುಕ್ಕೆಗಳು 2560 × 1440, ಅಂಗುಲಕ್ಕೆ 109. ಅಲ್ಲಿ ಕಾಲನ್ನು ಕತ್ತರಿಸಿದ್ದರು, ಅಕ್ಷರವನ್ನು ಉಳಿಸಿದ್ದರು. ಕಾಲಿನ ಕೆಳಗೆ ಒಂದು ಮಡಿಸಿದ ರಟ್ಟು ಇಟ್ಟರೆ ಮುಗಿಯಿತು. ನನ್ನ ಮನೆಯ ಮಾನಿಟರಿನಲ್ಲಿ ಕಾಲು ಲೋಹದ್ದು, ಚೌಕಟ್ಟು ಉಗುರಿನಷ್ಟು ತೆಳು, ಹಿಂಬದಿಯಲ್ಲಿ ಮಿನುಗುವ ದೀಪ ಬೇರೆ! ಗೋಡೆಯ ಕಡೆ ಮಾಡಿದ ಆ ಶೃಂಗಾರವನ್ನು ನೋಡುವ ಭಾಗ್ಯ ಹಲ್ಲಿಗೆ ಮಾತ್ರ. ಮೆರವಣಿಗೆಗೆ ಖರ್ಚು ಮಾಡಿ ಊಟಕ್ಕೆ ಕೈ ಹಿಡಿದ ಮದುವೆ ಇದು.

‘ಕಾಸಿಗೆ ತಕ್ಕ ಕಜ್ಜಾಯ’ ಎಂದು ಸಮಾಧಾನ ಹೇಳುವವರುಂಟು. ಕಾಸು ಕಡಿಮೆಯಾದರೆ ಕಜ್ಜಾಯ ಚಿಕ್ಕದಾಗಲಿ, ಎಳ್ಳು ಕಡಿಮೆ ಬೀಳಲಿ. ದೊಡ್ಡ ಕಜ್ಜಾಯ ಮಾಡಿ ಒಳಗೆ ಹಸಿ ಬಿಟ್ಟರೆ ಅದು ಕಾಸಿಗೆ ತಕ್ಕದ್ದಲ್ಲ, ಕಣ್ಣಿಗೆ ತಕ್ಕದ್ದು.

ಮಿಕ್ಕ ದೋಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಳಕು ತಗ್ಗಿಸಿದರೆ ಕೆಲವು ಅಗ್ಗದ ಪರದೆಗಳು ನಿಜವಾಗಿ ತಗ್ಗುವುದಿಲ್ಲ; ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಆರಿ ಹತ್ತುತ್ತಿರುತ್ತವೆ. ಸಂಜೆ ಹೊತ್ತು ಕೆಲವರಿಗೆ ತಲೆನೋವು ಬರುವುದಕ್ಕೆ ಇದೂ ಒಂದು ಕಾರಣ. ಬಿಳಿ ಪುಟ ತೆರೆದು, ಬೆಳಕು ತಗ್ಗಿಸಿ, ಪರದೆಯ ಮುಂದೆ ಒಂದು ಪೆನ್ಸಿಲನ್ನು ಜೋರಾಗಿ ಅತ್ತಿತ್ತ ಆಡಿಸಿ ನೋಡಿ. ಒಂದೇ ಮಬ್ಬು ನೆರಳು ಕಂಡರೆ ಸರಿ, ಹತ್ತಾರು ಬಿಡಿಬಿಡಿ ಪೆನ್ಸಿಲು ಕಂಡರೆ ಆ ಪರದೆ ಮಿಟುಕುತ್ತಿದೆ. ಟಿ.ಎನ್. ಎಂಬ ಹಳೆಯ ಅಗ್ಗದ ಜಾತಿಯ ಪ್ಯಾನೆಲ್ಲನ್ನು ಕೆಳಗಿನಿಂದ ನೋಡಿದರೆ ಚಿತ್ರ ಕಪ್ಪಿಡುತ್ತದೆ. ಒಂದು ಮಾನಿಟರಿಗೆ ಐದು ಮಕ್ಕಳು ಮುತ್ತುವ ಶಾಲೆಗಳಲ್ಲಿ ನೆಲದ ಮೇಲೆ ಕೂತ ಮೊದಲ ಸಾಲಿನ ಕುಳ್ಳ ಮಗುವಿಗೇ ಏನೂ ಕಾಣುವುದಿಲ್ಲ. ‘ಐವತ್ತು ಲಕ್ಷಕ್ಕೆ ಒಂದು ಕಾಂಟ್ರಾಸ್ಟ್’ ಎಂಬ ಬಗೆಯ ಜಾಹೀರಾತನ್ನು ಓದಿ ನಕ್ಕುಬಿಡಿ. ಒಳ್ಳೆಯ ಸಾಧಾರಣ ಪರದೆಯಲ್ಲಿ ಅದು ಸಾವಿರಕ್ಕೆ ಒಂದು, ಹೆಚ್ಚೆಂದರೆ ಮೂರು ಸಾವಿರಕ್ಕೆ ಒಂದು. ಬಣ್ಣದ ಕತೆ ಬೇಕಾದರೆ ಇಳಕಲ್ಲು ಸೀರೆಯ ಚಿತ್ರ ತೆರೆಯಿರಿ. ಗಿರಿಕುಂಕುಮದ ಒಡಲಿನ ಆ ಆಳವಾದ ಕೆಂಪು ಬಣ್ಣಗೇಡಿ ಪರದೆಯಲ್ಲಿ ಇಟ್ಟಿಗೆಯ ಪುಡಿಯಂತಾಗುತ್ತದೆ, ಸೀರೆ ಮನೆಗೆ ಬಂದಾಗ ನೇಕಾರನನ್ನು ಬೈಯುತ್ತೇವೆ. ಇನ್ನು ಬೇಸಿಗೆ. ಬಹುತೇಕ ಮಾನಿಟರುಗಳ ಕಾಗದದಲ್ಲಿ 40 ಡಿಗ್ರಿವರೆಗೆ ಕೆಲಸ ಮಾಡುತ್ತದೆ ಎಂದಿರುತ್ತದೆ. ರಾಯಚೂರು ಜಿಲ್ಲೆಯ ಏಪ್ರಿಲ್-ಮೇ ತಿಂಗಳು ಆ ಕಾಗದವನ್ನು ಓದಿಲ್ಲ.

ಪೆಟ್ಟಿಗೆಯ ಮೇಲಿನ ಸರ್ಕಾರಿ ಗುರುತನ್ನೂ ಸರಿಯಾಗಿ ತಿಳಿಯಬೇಕು. ಕಡ್ಡಾಯ ನೋಂದಣಿ ಆದೇಶದ ಪ್ರಕಾರ ಮಾನಿಟರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಬೇಕು. ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಅದರ ಗುರುತು, ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ಇದು ಇಲ್ಲದ ಮಾಲನ್ನು ಮುಟ್ಟಬೇಡಿ. ಆದರೆ ಆ ನೋಂದಣಿಯ ಹಿಂದಿನ ಐ.ಎಸ್. 13252 ಎಂಬ ಮಾನದಂಡ ನೋಡಿದ್ದು ಸುರಕ್ಷತೆಯನ್ನು: ವಿದ್ಯುತ್ ಹೊಡೆಯುವುದಿಲ್ಲ, ಬೆಂಕಿ ಹತ್ತುವುದಿಲ್ಲ. ಅಕ್ಷರ ಕಾಣುತ್ತದೆಯೇ ಎಂದು ಅದು ಕೇಳಿಲ್ಲ. ನನ್ನ ಮಾನಿಟರಿಗೂ ಆ ಗುರುತಿದೆ. ಆಮದುದಾರರ ಹೆಸರು ವಿಳಾಸ, ತಯಾರಾದ ದೇಶ, ಗರಿಷ್ಠ ಬೆಲೆ ಪೆಟ್ಟಿಗೆಯ ಮೇಲೆ ಇರಬೇಕೆಂಬುದು ಬೇರೆ ನಿಯಮ. ಅವೂ ಇವೆ, ಇರುವೆಯ ಗಾತ್ರದಲ್ಲಿ. ಅನ್ಯಾಯವಾಯಿತು ಎನಿಸಿದರೆ 1915ಕ್ಕೆ ಫೋನ್ ಮಾಡಬಹುದು. ಆದರೆ ‘ಧಕಾರ ಸರಿಯಾಗಿ ಕಾಣುವುದಿಲ್ಲ’ ಎಂಬ ದೂರನ್ನು ಯಾವ ಖಾನೆಗೆ ಬರೆದುಕೊಳ್ಳುತ್ತಾರೋ!

ನ್ಯಾಯವಾಗಿ ಹೇಳಬೇಕೆಂದರೆ ಈ ವಸ್ತುವಿನಲ್ಲಿ ಒಳ್ಳೆಯದೂ ಇದೆ. ಇದರ ವಿದ್ಯುತ್ ಅಡಾಪ್ಟರು ಹೊರಗೆ ಬೇರೆಯಾಗಿದೆ. ನಮ್ಮಲ್ಲಿ ಕರೆಂಟು ಏರಿಳಿದು ಅದು ಸುಟ್ಟಾಗ ಅಂಥದೇ ಇನ್ನೊಂದನ್ನು ಕೆಲವು ನೂರು ರೂಪಾಯಿಗೆ ತಂದು ಸಿಕ್ಕಿಸಿದೆ, ಇಡೀ ಮಾನಿಟರನ್ನು ಬಸ್ಸಿನಲ್ಲಿ ಹೊತ್ತು ರಾಯಚೂರಿಗೆ ಹೋಗಬೇಕಾಗಲಿಲ್ಲ. ಸಿನಿಮಾದಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಓಣಿಯ ಮಕ್ಕಳು ಬಂದು ಗ್ರಹಣದ ಚಿತ್ರ ನೋಡಿದಾಗ “ಎಷ್ಟು ದೊಡ್ಡದು ಐತ್ರಿ ಅಕ್ಕೋರೆ” ಎಂದು ಬಾಯಿ ಬಿಟ್ಟರು. ಹಣವಿಲ್ಲದ ಮನೆಗೆ ಇಂಥ ಮಾಲೇ ಇಲ್ಲದಿದ್ದರೆ ಪರದೆಯೇ ಇರುತ್ತಿರಲಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಅಂಗೈಯಗಲದ ಫೋನಿನಲ್ಲಿ ಕಣ್ಣು ಕಿರಿದು ಮಾಡಿ ಪಾಠ ನೋಡಿದ ಮಕ್ಕಳನ್ನು ಕಂಡ ಮೇಲೆ, ಅಗ್ಗದ ವಸ್ತುವನ್ನು ಮೂಗು ಮುರಿದು ತಳ್ಳಿಹಾಕುವ ಶ್ರೀಮಂತಿಕೆ ನನಗಂತೂ ಬರಲಿಲ್ಲ. ಅಗ್ಗವಾಗಲಿ, ಆದರೆ ಮೊದಲು ದೀಪ ಹೋಗಲಿ, ಲೋಹದ ಕಾಲು ಹೋಗಲಿ, ಐದು ಅಂಗುಲ ಅಗಲ ಹೋಗಲಿ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು: ಬರೆಯುವ ಓದುವ ಕೆಲಸಕ್ಕಾದರೆ ಅದೇ ದುಡ್ಡಿಗೆ ಹೆಸರಿಲ್ಲದ 27 ಅಂಗುಲಕ್ಕಿಂತ 21.5 ಅಂಗುಲದ್ದು ವಾಸಿ, ಅದೂ ಐ.ಪಿ.ಎಸ್. ಪ್ಯಾನೆಲ್ ಇದ್ದರೆ ಅಕ್ಕಪಕ್ಕ ಕೂತವರಿಗೂ ಕಾಣುತ್ತದೆ. ಹಳೆಯ ಕಂಪ್ಯೂಟರಿಗೆ ನೀಲಿ ಮೂತಿಯ ವಿ.ಜಿ.ಎ. ತಂತಿ ಹಾಕುವುದಾದರೆ ಅಕ್ಷರ ಇನ್ನಷ್ಟು ಮಸುಕಾಗುತ್ತದೆ, ಎಚ್.ಡಿ.ಎಂ.ಐ. ಕಿಂಡಿ ಇದ್ದರೆ ಅದನ್ನೇ ಬಳಸಿ. ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ಒಂದು ಪುಟ ಕನ್ನಡ ಬರಹ ಒಯ್ಯಿರಿ, ಹನ್ನೊಂದು ಪಾಯಿಂಟಿನದು, ಹಿಗ್ಗಿಸದೆ ಓದಿ. ನನ್ನ ಪುಟದಲ್ಲಿ ಇಪ್ಪತ್ತು ಪದಗಳಿವೆ: ರತ್ನಾ, ರಾಧಾ, ಸುಧೀರ, ಫಣಿ, ಶುಭಾ, ಢಕ್ಕೆ, ಲಕ್ಷ್ಮಿ, ಹೀಗೆ. ನಮ್ಮ ಓಣಿಯ ಒಬ್ಬ ಬಂಗಾಳಿ ಹುಡುಗಿ ಕಾಲೇಜಿಗೆ ಸೇರಿದಾಗ ಮಾನಿಟರು ತರಲು ಈ ಪುಟವನ್ನು ಒಯ್ದಳು. ಮೂರು ಪರದೆಗಳಲ್ಲಿ ತೆರೆಸಿ ನೋಡಿ, ನಡುವಿನದನ್ನು ಆರಿಸಿ, ಉಳಿದ ದುಡ್ಡಿನಲ್ಲಿ ಒಂದು ಕೀಲಿಮಣೆಯನ್ನೂ ತಂದಳು. ಅಂಗಡಿಯವನು ಆ ಪುಟವನ್ನು ತನ್ನ ಕಂಪ್ಯೂಟರಿಗೂ ಇಳಿಸಿಕೊಂಡನಂತೆ.